ಆಚೆ ಎಂದರೆ ಯಾವ ದಡ

ನಾನು ಹೀಬ್ರೂ ಅಕ್ಷರ ಕಲಿತದ್ದು ಭಕ್ತಿಯಿಂದಲ್ಲ, ದೊರೆಯ ಕಣ್ಣಿಗೆ ಪೊರೆ ಬಂದದ್ದರಿಂದ.

ದೊರೆ ಎಂದರೆ ಬಳ್ಳಾರಿ ಕಂಟೋನ್ಮೆಂಟಿಗೆ ಹೊಂದಿಕೊಂಡ ಬಂಗಲೆಯಲ್ಲಿದ್ದ ಹಿರಿಯ ಪಾದ್ರಿ. ಕನ್ನಡದ ಸತ್ಯವೇದವನ್ನು, ಎಂದರೆ ಬೈಬಲನ್ನು, ತಿದ್ದಿ ಹೊಸದಾಗಿ ಅಚ್ಚು ಹಾಕಿಸುವ ಕೆಲಸದಲ್ಲಿ ಮೋಶೆಯೇ ಬರೆದನೆಂದು ಸಭೆ ನಂಬಿದ್ದ ಮೊದಲ ಐದು ಪುಸ್ತಕಗಳು ಅವರ ಪಾಲಿಗೆ ಬಂದಿದ್ದವು. ಹಳೆಯ ಪ್ರತಿಯನ್ನು ಅವರಿಗಿಂತ ಹಿಂದಿನವರು ಮಾಡಿದ್ದರು. ಅದರಲ್ಲಿ ತಪ್ಪುಗಳಿವೆ, ಕನ್ನಡವೂ ಒರಟು ಎಂದು ಎಲ್ಲರೂ ಒಪ್ಪಿದ್ದರು. ಆದರೆ ಕೆಲಸ ಕೈಗೆ ಬರುವ ಹೊತ್ತಿಗೆ ದೊರೆಗೆ ಮೂಲದ ಹೀಬ್ರೂವಿನ ಸಣ್ಣ ಚುಕ್ಕೆಗಳು ಕಾಣದಾಗಿದ್ದವು. ಆ ಭಾಷೆಯಲ್ಲಿ ಸ್ವರವೆಲ್ಲ ಅಕ್ಷರದ ಸುತ್ತಲಿನ ಚುಕ್ಕೆ ಗೆರೆಗಳಲ್ಲಿ ಇರುತ್ತದೆ. ಒಂದು ಚುಕ್ಕೆ ತಪ್ಪಿದರೆ ಕ್ರಿಯಾಪದ ನಾಮಪದವಾಗಿಬಿಡುತ್ತದೆ. ಅವರಿಗೆ ಗಟ್ಟಿಯಾಗಿ ಓದಿ ಹೇಳುವ ಎರಡು ಕಣ್ಣು ಬೇಕಿದ್ದವು. ಅವು ನನ್ನವಾದವು.

ನಾನು ಆಗ ಮಿಷನ್ ಶಾಲೆಯಲ್ಲಿ ಮಾಸ್ತರ. ನನ್ನ ತಂದೆ ಕಂಟೋನ್ಮೆಂಟಿನ ಕುದುರೆ ಲಾಯದಲ್ಲಿ ಮೈ ಉಜ್ಜುವ ಕೆಲಸ ಮಾಡುತ್ತಿದ್ದರು. ಅಲ್ಲಿದ್ದಾಗಲೇ ಕ್ರೈಸ್ತರಾಗಿ ದೀಕ್ಷಾಸ್ನಾನ ಪಡೆದರು. ಲಾಯದವನ ಮಗ ಇಂಗ್ಲಿಷ್ ಓದಿದ್ದೇ ನಮ್ಮ ಮಂದಿಗೆ ದೊಡ್ಡ ಸುದ್ದಿಯಾಗಿತ್ತು. ಅವನು ಮೋಶೆಯ ಭಾಷೆಯನ್ನೂ ಓದುತ್ತಾನೆಂದು ತಿಳಿದಾಗ ಸಭೆಯ ಮುದುಕಿಯರು ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಳ್ಳತೊಡಗಿದರು. ನನಗೆ ಅದು ತಲೆಗೇರಿತ್ತು, ಸುಳ್ಳೇಕೆ ಹೇಳಲಿ.

ದೊರೆ ಒಳ್ಳೆಯ ಗುರು. ಬೆಳಿಗ್ಗೆ ಶಾಲೆ ಮುಗಿಸಿ ಹೋದರೆ ಬಂಗಲೆಯ ಜಗಲಿಯಲ್ಲಿ ಮೇಜು ಹಾಕಿಸಿ ಕಾಯುತ್ತಿದ್ದರು. ನಾನು ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ತಪ್ಪಿದ ಕಡೆ ಮೇಜಿನ ಮೇಲೆ ಬೆರಳು ತಟ್ಟುತ್ತಿದ್ದರು. ಅವರ ಕನ್ನಡ ಗ್ರಂಥದ ಕನ್ನಡ. "ತಾವು ಸ್ವಲ್ಪ ನಿಧಾನವಾಗಿ ಪಠಿಸುವಿರೋ?" ಎನ್ನುತ್ತಿದ್ದರು. ಐದು ವರ್ಷ ಹೀಗೆ ನಡೆಯಿತು. ಆ ಐದು ವರ್ಷ ನಾನು ಸುಖವಾಗಿದ್ದೆ. ಅದನ್ನು ಹೇಳದೆ ಮುಂದಿನದನ್ನು ಹೇಳಿದರೆ ಅನ್ಯಾಯವಾದೀತು.

ಮೇಜಿಗೆ ಮೂರನೆಯವರಾಗಿ ಮುನ್ಷಿ ಇದ್ದರು. ಸಿರುಗುಪ್ಪದ ಮಾಧ್ವ ಬ್ರಾಹ್ಮಣರು, ಸಂಸ್ಕೃತ ಮತ್ತು ಹಳಗನ್ನಡದಲ್ಲಿ ಪಂಡಿತರು, ಸಂಬಳಕ್ಕೆ ಪಾದ್ರಿಗಳ ಕನ್ನಡವನ್ನು ತಿದ್ದುತ್ತಿದ್ದರು. ಅವರದು ಬೇರೆ ಬೆಂಚು, ಬೇರೆ ತಂಬಿಗೆ. ನಾನು ಮುಟ್ಟಿದ ಕಾಗದವನ್ನು ಕೈಯಿಂದ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಮೇಜಿನ ಮೇಲೆ ಇಟ್ಟರೆ ತೆಗೆದುಕೊಳ್ಳುತ್ತಿದ್ದರು. ಮನೆಗೆ ಹೋಗಿ ಸ್ನಾನ ಮಾಡುತ್ತಾರೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ಆದರೂ ಒಂದು ಮಾತು ಕನ್ನಡವೋ ಅಲ್ಲವೋ ಎಂಬ ಜಗಳಕ್ಕೆ ನಿಂತರೆ ಅವರಷ್ಟು ನೇರವಾಗಿ ನನ್ನೊಡನೆ ವಾದಿಸಿದವರು ಇಲ್ಲ. ನಾನು ಅವರನ್ನು ಆಚಾರ್ಯರೆಂದೂ ಅವರು ನನ್ನನ್ನು ಮಾಸ್ತರ ಎಂದೂ ಕರೆಯುತ್ತಿದ್ದೆವು.

ಮುಂದೆ ನಡೆದದ್ದಕ್ಕೆಲ್ಲ ಮೂಲವಾದ ಮಾತು ಐದನೆಯ ಪುಸ್ತಕದ ಮೊದಲನೆಯ ವಾಕ್ಯದಲ್ಲಿತ್ತು. ದೇವರು ಕೊಡುವೆನೆಂದ ನೆಲದ ಅಂಚಿನವರೆಗೆ ಜನರನ್ನು ನಡೆಸಿ ತಂದ ಮೋಶೆ ಅವರಿಗೆ ಕೊನೆಯ ಉಪದೇಶಗಳನ್ನು ಎಲ್ಲಿ ನಿಂತು ಹೇಳಿದನೆಂದು ಆ ವಾಕ್ಯ ತಿಳಿಸುತ್ತದೆ. ಹಳೆಯ ಕನ್ನಡ ಪ್ರತಿಯಲ್ಲಿ ಯೊರ್ದನ್ ಹೊಳೆಯ 'ಈಚೆ' ಎಂದಿತ್ತು. ನಾನು ಹೀಬ್ರೂ ಓದಿ, ನಿಂತೆ.

"ದೊರೆಗಳೇ, ಇಲ್ಲಿ ಈಚೆ ಅಂತಿಲ್ರಿ. ಆಚೆ ಅಂತೈತಿ."

ದೊರೆ ಬೆರಳು ತಟ್ಟಲಿಲ್ಲ. "ಹೌದು. ಆಚೆ ಎಂದೇ ಇದೆ. ನಮ್ಮ ಹಿಂದಿನವರು ಇಂಗ್ಲಿಷಿನ ಪ್ರತಿಯನ್ನು ನೋಡಿ ಈಚೆ ಎಂದು ಬರೆದರು," ಎಂದರು.

"ಇಂಗ್ಲಿಷಿನವರು ಯಾಕ ಹಂಗ ಬರದರು?"

"ಮೋಶೆಯು ಆ ಹೊಳೆಯನ್ನು ದಾಟಲೇ ಇಲ್ಲ. ಮೂಡಣ ದಡದಲ್ಲಿಯೇ ಸತ್ತನು. ತಾನು ನಿಂತ ನೆಲವನ್ನು ತಾನೇ ಆಚೆ ಎಂದು ಹೇಗೆ ಬರೆದಾನು? ಆದಕಾರಣ ಈಚೆ ಎಂದು ಮಾಡಿದರು."

ಮುನ್ಷಿ ತಮ್ಮ ಬೆಂಚಿನಿಂದ ನಕ್ಕರು. "ನಮ್ಮ ಅಕ್ಕನ್ನ ತುಂಗಭದ್ರಾ ಆಚೆ, ನಿಜಾಮನ ಸೀಮಿಗೆ ಕೊಟ್ಟೇವಿ. ಆಕಿ ಕಾಗದ ಬರಸಿದ್ರ 'ಹೊಳಿ ಆಚೆ ಎಲ್ಲಾರೂ ಆರಾಮ ಇದ್ದಾರೇನು' ಅಂತ ಬರಸ್ತಾಳ. ಆಕೀ ಆಚೆ ಅಂದ್ರ ನಾವು, ನಮ್ಮ ಆಚೆ ಅಂದ್ರ ಆಕಿ. ಕಾಗದ ಯಾವ ದಂಡಿಮ್ಯಾಲೆ ಕೂತು ಬರದದ್ದು ಅಂತ ತಿಳೀಲಿಕ್ಕೆ ಇನ್ನೇನು ಬೇಕು? ನಿಮ್ಮ ಪುಸ್ತಕ ಬರದವ ಹೊಳಿ ದಾಟಿದಾವ ಇದ್ದಾನ, ಅಷ್ಟ."

ನಾನು ದೊರೆಯ ಮುಖ ನೋಡಿದೆ. ಸಿಟ್ಟಾಗುತ್ತಾರೆಂದುಕೊಂಡಿದ್ದೆ. ಅವರು ಎದ್ದು ಒಳಗೆ ಹೋಗಿ, ಬೀಗ ಹಾಕಿದ ಕಪಾಟಿನಿಂದ ಎರಡು ದಪ್ಪ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಯೂರೋಪಿನ ಪಂಡಿತರು ಬರೆದವು. ಮೋಶೆಯ ಹೆಸರಿನ ಐದು ಪುಸ್ತಕಗಳನ್ನು ಒಬ್ಬನೇ ಬರೆದದ್ದಲ್ಲ, ಬೇರೆ ಬೇರೆ ಕಾಲದ ಬೇರೆ ಬೇರೆ ಕೈಗಳು ಅವುಗಳಲ್ಲಿ ಸೇರಿವೆ, ಬಹಳ ಭಾಗ ಮೋಶೆಯ ನಂತರದ ರಾಜರ ಕಾಲದ್ದು, ಕೆಲವು ಆ ಜನ ಪರದೇಶಕ್ಕೆ ಸೆರೆಹೋಗಿ ಬಂದ ಮೇಲಿನದು ಎಂದು ಅವರ ವಾದ. ದೊರೆ ಅದನ್ನೆಲ್ಲ ಮೆಲ್ಲನೆ ಬಿಡಿಸಿ ಹೇಳಿದರು. ಕೊನೆಯ ಅಧ್ಯಾಯದಲ್ಲಿ ಮೋಶೆಯ ಸಾವು, ಅವನಿಗಾಗಿ ಜನ ಅತ್ತದ್ದು, ಅವನ ಗೋರಿ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದ್ದು ಎಲ್ಲ ಇದೆ. ಸತ್ತವನು ತನ್ನ ಸಾವನ್ನು ಬರೆಯಲಾರ. ನಾನು ಆ ಅಧ್ಯಾಯವನ್ನು ಚಿಕ್ಕಂದಿನಿಂದ ಓದಿದ್ದೆ, ಈ ಪ್ರಶ್ನೆ ಮಾತ್ರ ನನಗೆ ಹೊಳೆದೇ ಇರಲಿಲ್ಲ.

"ಇದರಿಂದ ದೇವರ ಮಾತು ದೇವರದಲ್ಲವೆಂದಾಗುವುದಿಲ್ಲ," ಎಂದರು ದೊರೆ. "ಆದರೆ ಈ ವಿಷಯ ಈ ಜಗಲಿಯಲ್ಲಿಯೇ ಇರಲಿ."

ಆ ವಾರವೆಲ್ಲ ನನಗೆ ಬೇರೆ ಯೋಚನೆ ಇರಲಿಲ್ಲ. ಐದನೆಯ ಪುಸ್ತಕವನ್ನು ಮೊದಲಿನಿಂದ ಹಿಡಿದು 'ಆಚೆ' ಬಂದಲ್ಲೆಲ್ಲ ಗುರುತು ಮಾಡಿದೆ. ಒಂದು ಸಂಗತಿ ಕಂಡಿತು. ಕತೆ ಹೇಳುವವನು 'ಆಚೆ' ಎಂದರೆ ಅದು ಮೋಶೆ ನಿಂತ ದಡ. ಮೋಶೆಯೇ ಬಾಯಿಬಿಟ್ಟು 'ಆಚೆ' ಎಂದರೆ ಅದು ಅವನಿಗೆ ಸಿಗದೆ ಹೋದ ದಡ. ದಾಟಿಹೋಗಿ ಆ ಒಳ್ಳೆಯ ನೆಲವನ್ನು ನೋಡಲು ಬಿಡು ಎಂದು ದೇವರನ್ನು ಬೇಡುವಾಗ ಮುದುಕನ ಬಾಯಲ್ಲಿ ಬರುವುದು ಅದೇ ಮಾತು. ಒಂದು ಕಡೆ ಮಾತ್ರ ಅವನ ಬಾಯಲ್ಲೇ ಅದು ತಿರುಗಿ ಬರುತ್ತಿತ್ತು. ಅದನ್ನೂ ಮುಚ್ಚಿಡದೆ ಬರೆದೆ. ನಾಲ್ಕು ಹಾಳೆ ತುಂಬಿಸಿ ದೊರೆಗೆ ಓದಿ ಹೇಳಿದೆ.

ಅವರು ನನ್ನ ಕೈ ಹಿಡಿದುಕೊಂಡರು. "ಇದನ್ನು ತಮಗೆ ಯಾರೂ ಹೇಳಿಕೊಟ್ಟಿಲ್ಲ. ಇದು ತಮ್ಮದೇ," ಎಂದರು. ಹಾಳೆಗಳನ್ನು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹೊಸ ಕರಡಿನಲ್ಲಿ 'ಆಚೆ' ಎಂದು ಬರೆಯಬೇಕೆಂದು ಮುನ್ಷಿಗೆ ಹೇಳಿದರು. ಮುನ್ಷಿ ತಮ್ಮ ದುಂಡನೆಯ ಅಕ್ಷರದಲ್ಲಿ ಹಾಗೇ ಬರೆದರು.

ಕರಡನ್ನು ಹಳ್ಳಿಯ ಜನರ ಮುಂದೆ ಓದಿ, ಮಾತು ತಿಳಿಯುತ್ತದೋ ಇಲ್ಲವೋ ನೋಡಿಕೊಂಡು ಬರುವುದು ವಾಡಿಕೆ. ಆ ಸಲ ನನ್ನನ್ನು ಕುರುಗೋಡಿಗೆ ಕಳಿಸಿದರು. ಅಲ್ಲಿ ನಮ್ಮವರದು ಹತ್ತು ಹನ್ನೆರಡು ಮನೆ. ಪಾದ್ರಿ ಇಲ್ಲದ ವಾರಗಳಲ್ಲಿ ಆರಾಧನೆ ನಡೆಸಲು ಅವರಿಗೊಬ್ಬ ಉಪದೇಶಿ ಇದ್ದ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಬಳ್ಳಾರಿ ಶಾಲೆಯಲ್ಲಿ ನನ್ನ ಜೊತೆಗೇ ಓದಿದವನು. ಇಂದಲ್ಲ ನಾಳೆ ತನಗೆ ಪಾದ್ರಿಯ ಪಟ್ಟ ಸಿಗುತ್ತದೆಂದು ಕಾಯುತ್ತಿದ್ದ.

ಭಾನುವಾರ ಆರಾಧನೆ ಆದ ಮೇಲೆ ಗುಡ್ಡದ ಬುಡದ ಹೆಂಚಿನ ಚಾವಡಿಯಲ್ಲಿ ಓದಲು ಕೂತೆ. ನಮ್ಮವರಲ್ಲದೆ ಇನ್ನೊಬ್ಬನೂ ಬಂದು ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಕಲ್ಲುಕುಟಿಗ. ವಯಸ್ಸು ಐವತ್ತರ ಮೇಲೆ, ಕಲ್ಲಿನ ಪುಡಿ ಹಿಡಿದು ಹುಬ್ಬು ಬೆಳ್ಳಗಾಗಿತ್ತು. ಮಗಳು ಸತ್ತ ಮೇಲೆ ಅವನು ಎರಡು ತಿಂಗಳಿಂದ ಬಂದು ಕೇಳಿಕೊಂಡು ಹೋಗುತ್ತಿದ್ದಾನೆಂದು ಉಪದೇಶಿ ಹೇಳಿದ. ಅಕ್ಷರ ಬಾರದವನು.

ಮೊದಲನೆಯ ವಾಕ್ಯ ಓದಿದೆ. ಅವನು ಕಟ್ಟೆಯಿಂದಲೇ ಕೈ ಎತ್ತಿದ.

"ಯಪ್ಪಾ, ಮೋಶಿ ಹೊಳಿ ದಾಟಲಿಲ್ಲ ಅಂತ ಹೋದ ವಾರ ಉಪದೇಶಿಗಳು ಹೇಳಿದ್ರು. ಈಗ ಆಚಿ ನಿಂತು ಹೇಳ್ದ ಅಂತೀರಿ. ಯಾವಾಗ ದಾಟಿದ?"

ನಾನು ಹಳ್ಳಿಗರಿಗೆ ಹೇಳುವ ಹಾರಿಕೆಯ ಉತ್ತರ ಹೇಳಬಹುದಿತ್ತು. ಉಪದೇಶಿ ಅದಕ್ಕೇ ಬಾಯಿ ತೆರೆಯುತ್ತಿದ್ದ. ಆದರೆ ನನ್ನ ವಾರದ ಯೋಚನೆಯನ್ನು, ನನ್ನ ನಾಲ್ಕು ಹಾಳೆಯನ್ನು, ಕಲ್ಲು ಒಡೆಯುವ ಮನುಷ್ಯ ಒಂದು ಉಸಿರಿನಲ್ಲಿ ಕೇಳಿಬಿಟ್ಟಿದ್ದ. ಅವನಿಗೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ.

"ಮೋಶೆ ದಾಟಲಿಲ್ಲ. ಇದನ್ನ ಬರದಾವ ದಾಟಿದಾವ. ಮೋಶೆ ಸತ್ತು ಬಾಳ ಕಾಲ ಆದ ಮ್ಯಾಲೆ, ದಾಟಿದ ದಂಡಿಮ್ಯಾಲೆ ಕೂತು, ಅವನ ಮಾತು ಬರದಿಟ್ಟಾರ," ಎಂದೆ.

"ಅಂದ್ರ ಮೋಶಿ ಬರದದ್ದಲ್ಲ?"

"ಎಲ್ಲಾ ಅಲ್ಲ."

ಅವನು ತಲೆಯಾಡಿಸಿದ. ನಂಬಿಕೆ ಕಳೆದುಕೊಂಡವನ ಹಾಗೆ ಕಾಣಲಿಲ್ಲ. "ಬರ್ರಿ ಇಲ್ಲೆ, ಒಂದು ತೋರಸ್ತೀನಿ," ಎಂದು ನನ್ನನ್ನು ಎಬ್ಬಿಸಿಕೊಂಡು ಊರ ಹಳೆಯ ಗುಡಿಯ ಮಗ್ಗುಲಿಗೆ ಕರೆದೊಯ್ದ. ಅಲ್ಲಿ ಆಳೆತ್ತರದ ಶಾಸನದ ಕಲ್ಲು ಇತ್ತು. ಅವನು ಬೆರಳಿನಿಂದ ಸಾಲುಗಳನ್ನು ಸವರುತ್ತ ಕೆಳಗೆ ಬಂದ. "ನನಗ ಓದಾಕ ಬರಂಗಿಲ್ಲ. ಆದ್ರ ಇಲ್ಲೀತನಕ ಒಬ್ಬಂದು ಉಳಿ, ಇಲ್ಲಿಂದ ಕೆಳಗ ಇನ್ನೊಬ್ಬಂದು. ಮ್ಯಾಲಿನವ ಓರೆ ಹಿಡದಾನ, ಕೆಳಗಿನವ ನೆಟ್ಟಗ ಹೊಡದಾನ. ಇಬ್ಬರೂ ಒಂದ ಕಾಲದಾಗ ಇದ್ದಿಲ್ಲ. ಆದ್ರ ಕಲ್ಲು ಒಂದ ಐತಿ. ಊರು ಅದಕ್ಕ ಕೈ ಮುಗೀತೈತಿ."

ನಾನು ಅಕ್ಷರಗಳ ಮೇಲೆ ಬೆರಳಿಟ್ಟೆ. ನನಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ. ಅವನು ನನ್ನ ಬೆರಳನ್ನು ಹಿಡಿದು ಓರೆಗೆ ಒತ್ತಿ ತೋರಿಸಿದ ಮೇಲೆ ತಿಳಿಯಿತು.

ಉಪದೇಶಿ ಚಾವಡಿಯ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದ. ಹೊರಡುವಾಗ ನನಗೆ ಎರಡು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟ. ಅದೇ ವಾರ ಬಳ್ಳಾರಿಗೆ ಅವನ ಕಾಗದ ಹೋಯಿತು.

ವಿಚಾರಣೆ ನಮ್ಮ ಶಾಲೆಯ ಕೋಣೆಯಲ್ಲೇ ನಡೆಯಿತು. ನಾನು ದಿನವೂ ಪಾಠ ಹೇಳುವ ಹಲಗೆಯ ಮುಂದೆ ಮೂರು ಕುರ್ಚಿ ಹಾಕಿದ್ದರು. ಎರಡರಲ್ಲಿ ಹೊರಗಿನ ಊರುಗಳಿಂದ ಬಂದ ಪಾದ್ರಿಗಳು, ಮೂರನೆಯದರಲ್ಲಿ ನಮ್ಮ ದೊರೆ. ನನಗೆ ಕೂರಲು ಹೇಳಲಿಲ್ಲ.

ಬಂದವರಲ್ಲಿ ಹಿರಿಯರು ಕೇಳಿದರು: "ಮೋಶೆಯು ಈ ಪುಸ್ತಕವನ್ನು ಬರೆಯಲಿಲ್ಲವೆಂದು ಕುರುಗೋಡಿನಲ್ಲಿ ಹೇಳಿದ್ದು ನಿಜವೋ?"

"ಎಲ್ಲವನ್ನೂ ಬರೆಯಲಿಲ್ಲ ಎಂದೆ."

"ಈ ದುರ್ಬೋಧೆಯನ್ನು ನಿನಗೆ ಕಲಿಸಿದವರು ಯಾರು?"

ನಾನು ದೊರೆಯ ಕಡೆ ನೋಡಿದೆ. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದರು. ಒರೆಸಿದರು, ಮತ್ತೆ ಒರೆಸಿದರು. ಅವರು ಬಾಯಿ ತೆರೆಯಲೆಂದು ನಾನು ಕಾದೆ. ಒಂದೇ ಮಾತು ಸಾಕಿತ್ತು. "ನಾನು" ಎಂದರೆ ಸಾಕಿತ್ತು. ಅವರ ವಯಸ್ಸಿನವರನ್ನು, ಅವರ ಬಣ್ಣದವರನ್ನು ಯಾರೂ ನಿಲ್ಲಿಸಿ ಕೇಳುತ್ತಿರಲಿಲ್ಲ. ಹೆಚ್ಚೆಂದರೆ ಅವರ ದೇಶದ ಮಿಷನ್ನಿನವರಿಗೆ ಒಂದು ಕಾಗದ ಬರೆಯುತ್ತಿದ್ದರು.

ಅವರು ಕನ್ನಡಕ ಹಾಕಿಕೊಂಡರು. ನೆಲ ನೋಡಿದರು.

"ನಾನೇ ಓದಿ ತಿಳಿದುಕೊಂಡೆ," ಎಂದೆ. ಇದನ್ನು ನನ್ನ ದೊಡ್ಡತನವೆಂದು ಯಾರೂ ತಿಳಿಯಬಾರದು. ಅವರ ಹೆಸರು ಹೇಳಿದರೆ ಅವರು ಇಲ್ಲವೆಂದುಬಿಟ್ಟಾರೆಂಬ ಹೆದರಿಕೆ ನನಗಿತ್ತು. ಅದನ್ನು ಕೇಳುವುದಕ್ಕಿಂತ ನಾನೇ ಹೊತ್ತುಕೊಳ್ಳುವುದು ಸುಲಭವೆನಿಸಿತು.

ಆಮೇಲೆ ಮುನ್ಷಿಯನ್ನು ಕರೆದರು. ಕರಡಿನ ಅಕ್ಷರ ಅವರದಾದ್ದರಿಂದ. ಅವರು ಬಾಗಿಲ ಹೊರಗೇ ನಿಂತು ಮಾತಾಡಿದರು.

"ನಾನು ನಿಮ್ಮ ಮತದಾವಲ್ಲ. ಮೋಶೆ ಬರದ್ರ ನನಗ ಲಾಭಿಲ್ಲ, ಬರೀದಿದ್ರ ನಷ್ಟಿಲ್ಲ. ಮೂಲದಾಗ ಆಚೆ ಅಂತ ಇದ್ರ ಕನ್ನಡದಾಗೂ ಆಚೆ ಅಂತನ ಬರೀಬೇಕು. ಇದ್ದದ್ದನ್ನ ಓದಿ ಹೇಳ್ಯಾರ ಈ ಮಾಸ್ತರರು. ಇದ್ರಾಗ ಅವರದೇನು ತಪ್ಪದ?"

ಆ ಕೋಣೆಯಲ್ಲಿ ನನ್ನ ಪರವಾಗಿ ಬಂದ ಮಾತು ಅದೊಂದೇ. ನನ್ನ ನೆರಳು ಬಿದ್ದರೆ ಸ್ನಾನ ಮಾಡುವ ಮನುಷ್ಯನಿಂದ ಬಂತು.

ತೀರ್ಪು ಹೀಗಾಯಿತು: ನಾನು ಕುರುಗೋಡಿಗೆ ಹೋಗಿ, ಅದೇ ಚಾವಡಿಯಲ್ಲಿ, ಅದೇ ಜನರ ಮುಂದೆ ತಪ್ಪು ಹೇಳಿದೆನೆಂದು ಒಪ್ಪಿಕೊಳ್ಳಬೇಕು. ಇಲ್ಲವಾದರೆ ಶಾಲೆಯನ್ನೂ ಮನೆಯನ್ನೂ ಬಿಡಬೇಕು. ಮನೆ ಮಿಷನ್ನಿನದು. ನನ್ನ ಹೆಂಡತಿಗೆ ಆಗ ಏಳು ತಿಂಗಳು ತುಂಬಿತ್ತು.

ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೇಳಿಬಿಡ್ರಿ. ಬಾಯಿಮಾತು. ಮೋಶಿ ಬರದ್ರೇನು, ಬಿಟ್ರೇನು? ಅವ ಬಂದು ನನ್ನ ಬಾಣಂತನ ಮಾಡ್ತಾನೇನು?"

ಮುಂದಿನ ಭಾನುವಾರ ಹೋದೆ. ಚಾವಡಿ ತುಂಬಿತ್ತು, ಉಪದೇಶಿ ಅಕ್ಕಪಕ್ಕದ ಹಳ್ಳಿಯವರನ್ನೂ ಕರೆಸಿದ್ದ. ನಾನು ನಿಂತು, ಬರೆದುಕೊಟ್ಟಿದ್ದ ಮಾತನ್ನು ಓದಿದೆ. ಐದು ಪುಸ್ತಕಗಳನ್ನೂ ಮೋಶೆಯೇ ಬರೆದನು, ಅಹಂಕಾರದಿಂದ ನಾನು ಬೇರೆ ರೀತಿ ಹೇಳಿದೆನು, ಕ್ಷಮಿಸಬೇಕು. ಅಷ್ಟೇ ಇತ್ತು. ಓದಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಕಲ್ಲುಕುಟಿಗ ಕಟ್ಟೆಯ ಮೇಲೆ ಇದ್ದ. ಎಲ್ಲರೂ ಎದ್ದು ಹೊರಟ ಮೇಲೆ ನನ್ನ ಹತ್ತಿರ ಬಂದ.

"ಯಪ್ಪಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೊನ್ನೆ ಹೇಳಿದ್ದು ಸುಳ್ಳೋ, ಈಗ ಹೇಳಿದ್ದು ಸುಳ್ಳೋ?"

ನಾನು ಕೈಯಲ್ಲಿದ್ದ ಕಾಗದವನ್ನು ಮಡಿಚಿ ಜೇಬಿಗೆ ತುರುಕಿದೆ.

"ಹೋಗ್ಲಿ ಬಿಡ್ರಿ," ಎಂದ. ಅವನ ದನಿಯಲ್ಲಿ ಬೈಗುಳವಿರಲಿಲ್ಲ, ಕನಿಕರವಿತ್ತು. ಅದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು. ಹೆಗಲ ಮೇಲಿನ ವಸ್ತ್ರ ಕೊಡವಿ ನಡೆದುಬಿಟ್ಟ. ಆಮೇಲೆ ಅವನು ಆ ಚಾವಡಿಗೆ ಬರಲಿಲ್ಲವೆಂದು ಕೇಳಿದೆ. ಅವನ ಮನಸ್ಸು ಕೆಡಿಸಿದ ಪಾಪವೂ ನನ್ನ ತಲೆಗೇ ಬಂತು. ನಾನು ನಿಜ ಹೇಳಿದ ವಾರ ಅವನು ಬಿಟ್ಟುಹೋಗಿರಲಿಲ್ಲ, ಸುಳ್ಳು ಹೇಳಿದ ವಾರ ಹೋದ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದಾಗ ಹೆಂಡತಿ ನನ್ನ ಮುಖ ನೋಡಿದಳು. ಊಟಕ್ಕೆ ಹಾಕಿದಳು. ತಾನು ಉಣ್ಣದೆ ಕೂತಳು.

"ನೀನ ಹೇಳಿದ್ಯಲ್ಲ," ಎಂದೆ, ಅವಳು ಬೈಯದಿದ್ದರೂ.

"ಹೌದು, ನಾನ ಹೇಳ್ದೆ," ಎಂದಳು. "ನೀವು ಹೇಳೂದಿಲ್ಲ ಅಂತ ತಿಳಕೊಂಡಿದ್ದೆ."

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವಳು ನನಗೆ ಆಡಿದ ಎಲ್ಲಕ್ಕಿಂತ ಕಠಿಣ ಮಾತು ಅದು. ಅವಳು ಅದನ್ನು ಮತ್ತೆ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

ಒಪ್ಪಿಕೊಂಡರೂ ನನ್ನನ್ನು ಬಳ್ಳಾರಿಯಲ್ಲಿ ಉಳಿಸಲಿಲ್ಲ. ತಿದ್ದುಪಡಿಯ ಮೇಜಿನಿಂದ ತೆಗೆದು ಸಿರುಗುಪ್ಪದ ಸಣ್ಣ ಶಾಲೆಗೆ ಹಾಕಿದರು. ಹೋಗುವ ಮುಂಚೆ ನನ್ನ ನಾಲ್ಕು ಹಾಳೆ ಕೇಳಲು ಬಂಗಲೆಗೆ ಹೋದೆ. ದೊರೆಗೆ ಮೈ ಸರಿಯಿಲ್ಲ, ಯಾರನ್ನೂ ನೋಡುವುದಿಲ್ಲ ಎಂದು ಬಟ್ಲರ ಹೇಳಿದ. ಜಗಲಿಯಲ್ಲಿ ಮುನ್ಷಿ ಒಬ್ಬರೇ ಕೂತು ಶುದ್ಧ ಪ್ರತಿ ಬರೆಯುತ್ತಿದ್ದರು. ನಾನು ಬಗ್ಗಿ ನೋಡಿದೆ. ಮೊದಲನೆಯ ವಾಕ್ಯದಲ್ಲಿ, ಅದೇ ದುಂಡನೆಯ ಅಕ್ಷರದಲ್ಲಿ, 'ಈಚೆ' ಎಂದಿತ್ತು.

"ನೋಡಬ್ಯಾಡ್ರಿ ಮಾಸ್ತರ," ಎಂದರು ಅವರು, ತಲೆ ಎತ್ತದೆ. "ಅಲ್ಲಿ ನಿಂತು ಮಾತಾಡಿದ್ದು ಒಂದು ದಿನದ ಕೆಲಸ. ಇದು ದಿನಾ ಬರೋ ಕೆಲಸ. ನನಗ ನಾಕು ಮಕ್ಕಳಿದ್ದಾರ."

"ನಾನು ಏನೂ ಅನ್ನಲಿಲ್ಲ ಆಚಾರ್ರೇ."

"ಅಂದಿದ್ರ ನನಗ ಹಗುರಾಗ್ತಿತ್ತು."

ಸಿರುಗುಪ್ಪದಲ್ಲಿ ನಮಗೆ ಹೆಣ್ಣುಮಗು ಹುಟ್ಟಿತು. ಊರು ಕೆಟ್ಟದಲ್ಲ. ಕಾಲುವೆಯ ನೀರು, ದೇಶನೂರಿನ ಕಡೆಯವರೆಗೆ ಭತ್ತದ ಗದ್ದೆ, ಕಣ್ಣಿಗೆ ಹಸಿರು. ಬಳ್ಳಾರಿಯ ಕಲ್ಲುಗುಡ್ಡದ ಕಾವು ಉಂಡು ಬೆಳೆದ ಹೆಂಡತಿಗೆ ಅದು ಹಿಡಿಸಿತು. ನನಗೆ ಮಾತ್ರ ಅಲ್ಲಿ ಕಾಗುಣಿತ, ಮಗ್ಗಿ, ನೀತಿಪಾಠ ಬಿಟ್ಟು ಬೇರೆ ಇರಲಿಲ್ಲ. ಹೀಬ್ರೂ ಪುಸ್ತಕ ದೊರೆಯದಾದ್ದರಿಂದ ಅವರ ಹತ್ತಿರವೇ ಉಳಿದಿತ್ತು. ನೆನಪಿನಲ್ಲಿದ್ದ ಅಧ್ಯಾಯಗಳನ್ನು ಹೊಳೆಯ ದಡದಲ್ಲಿ ನಡೆಯುತ್ತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎದುರು ದಡದಲ್ಲಿ ನಿಜಾಮನ ಸೀಮೆಯ ಅಗಸರು ಬಟ್ಟೆ ಒಗೆಯುತ್ತಿದ್ದರು. ಅವರಿಗೆ ನಾನು ಆಚೆಯವನು. ಇದು ಯಾವ ಪಾಂಡಿತ್ಯದ ವಿಷಯ, ಇದಕ್ಕೆ ಮೂರು ಕುರ್ಚಿ ಯಾಕೆ ಬೇಕಾದವು ಎಂದು ಬಹಳ ಸಲ ಯೋಚಿಸಿದ್ದೇನೆ.

ಉಪದೇಶಿಗೆ ಪಾದ್ರಿಯ ಪಟ್ಟ ಸಿಕ್ಕಿತು. ನಮ್ಮ ಮಗುವಿಗೆ ದೀಕ್ಷಾಸ್ನಾನ ಕೊಡಲು ಅವನೇ ಬಂದ, ಒಳ್ಳೆಯ ಮಾತಾಡಿದ. ತಾನು ನನಗೆ ದ್ರೋಹ ಮಾಡಿದೆನೆಂದು ಅವನು ಎಂದೂ ತಿಳಿದಿರಲಿಲ್ಲ. ಸಭೆಯನ್ನು ಕಾಪಾಡಿದೆನೆಂದೇ ತಿಳಿದಿದ್ದ. ಅಂಥವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದೂ ಕಷ್ಟ. ಆದರೂ ನಾನು ಇಟ್ಟುಕೊಂಡೆ.

ಇನ್ನೂ ಕೆಲವು ವರ್ಷ ಕಳೆದ ಮೇಲೆ ಇಂಗ್ಲೆಂಡಿನಲ್ಲಿ ಇಂಗ್ಲಿಷ್ ಸತ್ಯವೇದವನ್ನೇ ತಿದ್ದಿದರೆಂಬ ಸುದ್ದಿ ಬಂತು. ದೊಡ್ಡ ದೊಡ್ಡ ಪಂಡಿತರು ಕೂತು, ಮೂಲವನ್ನು ನೋಡಿ, ಹಳೆಯ ತಪ್ಪುಗಳನ್ನು ಸರಿಮಾಡಿದ್ದರಂತೆ. ಅದರ ಒಂದು ಪ್ರತಿ ಸಿರುಗುಪ್ಪಕ್ಕೂ ಬಂದ ದಿನ ನಾನು ಬೇರೇನೂ ನೋಡದೆ ಐದನೆಯ ಪುಸ್ತಕದ ಮೊದಲನೆಯ ವಾಕ್ಯ ತೆಗೆದೆ. 'ಆಚೆ' ಎಂದಿತ್ತು.

ಅದಾದ ಮೇಲೆ ನಮ್ಮ ಕಡೆಯ ಪಾದ್ರಿಗಳೂ ಒಪ್ಪಿದರು. ಮುಂದಿನ ಕನ್ನಡ ಕರಡಿನಲ್ಲಿ 'ಆಚೆ' ಬಂತು. ಮೂಲ ಹೇಳಿದಾಗ ತಪ್ಪಾಗಿದ್ದದ್ದು, ಮುನ್ಷಿ ಹೇಳಿದಾಗ ತಪ್ಪಾಗಿದ್ದದ್ದು, ಇಂಗ್ಲಿಷ್ ಹೇಳಿದ ಮೇಲೆ ಸರಿಯಾಯಿತು. ಅಂದು ಕುರ್ಚಿಯ ಮೇಲೆ ಕೂತು ನನ್ನನ್ನು ಕೇಳಿದವರೇ ಅದಕ್ಕೆ ರುಜು ಹಾಕಿದರು. ಯಾರೂ ನನ್ನನ್ನು ಕರೆಯಲಿಲ್ಲ. ಕುರುಗೋಡಿನ ಚಾವಡಿಗೆ ಹೋಗಿ ಆ ಮಾಸ್ತರ ಹೇಳಿದ್ದೇ ನಿಜವಾಗಿತ್ತೆಂದು ಓದಿ ಹೇಳುವ ಕಾಗದವನ್ನು ಯಾರಿಗೂ ಬರೆದುಕೊಡಲಿಲ್ಲ.

ಆ ಚಳಿಗಾಲದಲ್ಲಿ ದೊರೆ ಸಿರುಗುಪ್ಪಕ್ಕೆ ಬಂದರು. ತಮ್ಮ ದೇಶಕ್ಕೆ ಹೊರಡುವ ಮುಂಚೆ ಎಲ್ಲ ಸಭೆಗಳನ್ನೂ ನೋಡಿ ಹೋಗುವುದಾಗಿ ಹೇಳಿದರು. ಎತ್ತಿನ ಗಾಡಿಯಿಂದ ಅವರನ್ನು ಕೈಹಿಡಿದು ಇಳಿಸಬೇಕಾಯಿತು. ಕಣ್ಣು ಪೂರ್ತಿ ಹೋಗಿತ್ತು. ನನ್ನ ದನಿ ಕೇಳಿ ಮುಖವನ್ನು ಆ ಕಡೆ ತಿರುಗಿಸಿದರು.

ಸಂಜೆ ಶಾಲೆಯ ಮುಂದೆ ಕುರ್ಚಿ ಹಾಕಿದೆ. ಅವರು ಕೂತರು. "ನಾನು ಅಂದು ಮಾತಾಡಬೇಕಾಗಿತ್ತು," ಎಂದರು.

ನಾನು ಅವರ ಕೈಗೆಟಕುವಂತೆ ನೀರಿನ ತಂಬಿಗೆ ಇಟ್ಟೆ.

"ಮಾತಾಡಿದ್ದರೆ ತಿದ್ದುಪಡಿಯ ಕೆಲಸವನ್ನು ನನ್ನಿಂದ ಕಿತ್ತುಕೊಳ್ಳುತ್ತಿದ್ದರು. ಅದು ಅರ್ಧಕ್ಕೆ ನಿಂತುಹೋಗುತ್ತಿತ್ತು. ಹೀಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆನು."

"ನನ್ನ ನಾಲ್ಕು ಹಾಳೆ ಏನಾದವು ದೊರೆಗಳೇ?"

ಅವರು ತಡವರಿಸಿದರು. ವಿಚಾರಣೆಗೆ ಕುರ್ಚಿ ಹಾಕುವ ಮುಂಚಿನ ದಿನವೇ ಅವನ್ನು ಸುಟ್ಟೆನೆಂದರು. ಕಪಾಟು ತೆಗೆಸಿ ನೋಡಿದ್ದರೆ ಇಬ್ಬರಿಗೂ ತೊಂದರೆಯಾಗುತ್ತಿತ್ತು ಎಂದರು. ಆ ದಪ್ಪ ಪುಸ್ತಕಗಳನ್ನು ಸುಟ್ಟಿರಾ ಎಂದು ನಾನು ಕೇಳಲಿಲ್ಲ. ಅವು ಅವರ ಪೆಟ್ಟಿಗೆಯಲ್ಲಿ ಹಡಗು ಹತ್ತಲಿದ್ದವೆಂದು ಸಾಮಾನು ಇಳಿಸುವಾಗ ನೋಡಿದ್ದೆ.

ಅವರು ಜೋಳಿಗೆಗೆ ಕೈಹಾಕಿ ಹೀಬ್ರೂ ಪುಸ್ತಕವನ್ನು ತೆಗೆದರು. ಜಗಲಿಯ ಮೇಜಿನ ಮೇಲೆ ಐದು ವರ್ಷ ನನ್ನ ಕೈಯಲ್ಲಿ ಸವೆದ ಪ್ರತಿ. ನನ್ನ ಕಡೆ ಚಾಚಿದರು.

"ನನಗೆ ಓದಿ ಹೇಳುವವರು ಈಗ ಯಾರೂ ಇಲ್ಲ. ಇನ್ನು ಮುಂದೆಯೂ ಇರಲಾರರು. ಮೋಶೆಯು ದಾಟಲು ಬಿಡು ಎಂದು ಬೇಡಿಕೊಳ್ಳುವ ಭಾಗವನ್ನು ಒಮ್ಮೆ ಪಠಿಸುವಿರೋ?"

ಪುಸ್ತಕ ತೆರೆದೆ. ಆ ಪುಟ ತಾನಾಗಿ ತೆರೆದುಕೊಂಡಿತು. ಒಂದೊಂದು ಚುಕ್ಕೆಯೂ ನಿಚ್ಚಳವಾಗಿತ್ತು, ನಾಲಿಗೆಯ ತುದಿಗೆ ಮೊದಲ ಮಾತು ಬಂದಿತ್ತು. ಅವರು ಕಣ್ಣು ಮುಚ್ಚಿ, ಬೆರಳನ್ನು ಕುರ್ಚಿಯ ಕೈ ಮೇಲೆ ಇಟ್ಟುಕೊಂಡು, ತಟ್ಟಲು ಸಿದ್ಧವಾಗಿ ಕೂತಿದ್ದರು.

"ಮರತೀನಿ ದೊರೆಗಳೇ," ಎಂದೆ. "ಅಕ್ಷರ ಗುರ್ತ ಹತ್ತಂಗಿಲ್ಲ."

ಪುಸ್ತಕ ಮುಚ್ಚಿ ಅವರ ತೊಡೆಯ ಮೇಲಿಟ್ಟೆ. ಅವರು ನಂಬಲಿಲ್ಲ, ಅದು ಮುಖದಲ್ಲಿ ಕಾಣುತ್ತಿತ್ತು. "ಆಗಲಿ," ಎಂದರು ಅಷ್ಟೇ. ಅವರ ಕೈ ಸ್ವಲ್ಪ ಹೊತ್ತು ಪುಸ್ತಕದ ಮೇಲೆ ಆಡಿತು. ಬೆಳಗಾದ ಮೇಲೆ ಗಾಡಿ ಹೂಡಿಸಿಕೊಂಡು ಹೋದರು. ಊರು ಮುಟ್ಟಿದ ವರ್ಷವೇ ತೀರಿಕೊಂಡರೆಂದು ಮುಂದೆ ಸುದ್ದಿ ಬಂತು.

ಹಿಂದಿನ ಸಂಜೆ ಒಳಗಿನಿಂದ ಕೇಳಿಸಿಕೊಂಡಿದ್ದ ಹೆಂಡತಿ ಗಾಡಿ ಮರೆಯಾದ ಮೇಲೆ ಹೊರಗೆ ಬಂದಳು. "ಕುರುಡ ಮುದುಕ. ಓದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು.

"ಅವರು ಅಂದು ಒಂದು ಮಾತು ಆಡಿದ್ರ ಅವರ ಗಂಟೇನು ಹೋಗ್ತಿತ್ತು?"

"ಅವರು ಅಂಜಿದ್ರು. ನೀವು ಈಗ ಯಾರಿಗಂಜಿ ಸುಳ್ಳು ಹೇಳಿದ್ರಿ?"

ಶಾಲೆಯ ಹೊತ್ತಾಗಿತ್ತು. ಮಕ್ಕಳು ಬಂದು ಹಲಗೆ ಒರೆಸಿ ಕೂತಿದ್ದರು. ನಾನು ಒಳಗೆ ಹೋಗಿ ಹಾಜರಿ ಕರೆದು, ಒತ್ತಕ್ಷರದ ಪಾಠ ಶುರುಮಾಡಿದೆ.